ಸ್ಕಾಟ್ಲೆಂಡ್, ತೆಲಂಗಾಣ ಮತ್ತು ಹೈದರಾಬಾದ್ ಕರ್ನಾಟಕ: ಒಂದು ತೌಲನಿಕ ನೋಟ

ರಾಷ್ಟ್ರೀಯತೆಗೆ ಆಧಾರ ಯಾವುದು ಅಂತ ಕೇಳಿದರೆ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರ ಒಂದಿದೆ: ಭಾಷೆ, ಧರ್ಮ, ನೆಲ, ಇತಿಹಾಸ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಸ್ಕಾಟ್ಲೆಂಡನ್ನು ಎದುರಿಗಿಟ್ಟುಕೊಂಡರೆ ಈ ಉತ್ತರ ಅರ್ಧಕ್ಕೇ ನಿಂತುಬಿಡುತ್ತದೆ. ಅಲ್ಲಿಯ ಜನ ಬಹುಪಾಲು ಆಡುವುದು ಇಂಗ್ಲಿಷನ್ನೇ. ಆದರೂ 2014ರಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 45 ಮಂದಿ ನಮಗೆ ಬೇರೆ ದೇಶವೇ ಬೇಕು ಅಂದರು. ಅದೇ 2014ರಲ್ಲಿ ನಮ್ಮ ಈ ಹೈದರಾಬಾದಿನಲ್ಲಿ ಒಂದೇ ತೆಲುಗು ಆಡುವ ಜನ ಎರಡು ರಾಜ್ಯವಾದರು. ಇನ್ನು ಕನ್ನಡಿಗರು ಹಲವು ಸರಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದವರು, ಭಾಷೆಯೊಂದನ್ನೇ ನೆಚ್ಚಿಕೊಂಡು 1956ರಲ್ಲಿ ಒಂದಾದರು. ಭಾಷೆ ಒಂದು ಕಡೆ ಕೂಡಿಸಿತು, ಇನ್ನೊಂದು ಕಡೆ ಹಿಡಿದು ನಿಲ್ಲಿಸಲಾರದೆ ಹೋಯಿತು, ಮತ್ತೊಂದು ಕಡೆ ಅದರ ಸುದ್ದಿಯೇ ಇಲ್ಲ. ಹಾಗಾದರೆ ನೋಡಬೇಕಾದ್ದು ಏನನ್ನು?

ನಾನು ವಾಣಿಜ್ಯ ವಿಭಾಗದವನು. ಪಾಲುದಾರಿಕೆ ಲೆಕ್ಕ ಮಾಡುವಾಗ ನಮಗೆ ಮೊದಲು ಕೇಳಲು ಹೇಳಿಕೊಡುವುದು ಒಂದೇ ಪ್ರಶ್ನೆ: ಕರಾರುಪತ್ರ ಎಲ್ಲಿ? ಯಾರು ಎಷ್ಟು ಬಂಡವಾಳ ತಂದರು, ಲಾಭ ಹೇಗೆ ಹಂಚಿಕೆ, ಹೊಸ ಪಾಲುದಾರ ಬಂದಾಗ ಹಳೆಯ ಸಾಲಕ್ಕೆ ಅವನು ಬಾಧ್ಯನೋ ಅಲ್ಲವೋ. ಈ ಮೂರು ನಾಡುಗಳ ವಿಷಯದಲ್ಲೂ ಅದೇ ಪ್ರಶ್ನೆ ಕೇಳಿ ನೋಡೋಣ ಅನ್ನಿಸಿತು. ಸಾಹಿತ್ಯ ಓದುವ ಗೆಳೆಯರು ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲೇ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಸ್ಕಾಟರಲ್ಲಿ ಬೇರೆಯಾಗಬೇಕೆನ್ನುವವರು ಕೇಳುವುದು ಬೇರೆ ದೇಶವನ್ನು. ತೆಲಂಗಾಣದವರು ಕೇಳಿದ್ದು ಭಾರತದೊಳಗೇ ಒಂದು ರಾಜ್ಯವನ್ನು. ಕನ್ನಡಿಗರು 1956ಕ್ಕೆ ಮೊದಲು ಕೇಳಿದ್ದೂ ರಾಜ್ಯವನ್ನೇ. ರಾಜ್ಯ ಬೇರೆಯಾದರೆ ರೂಪಾಯಿ ಬದಲಾಗುವುದಿಲ್ಲ, ಸೈನ್ಯ ಬದಲಾಗುವುದಿಲ್ಲ, ರೈಲಿಗೆ ಹೊಸ ಪಾಸು ಬೇಕಾಗುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಮನಸ್ಸಿನ ಒಳಗಿನ ದೂರು ಎರಡೂ ಕಡೆ ಒಂದೇ ಬಗೆಯದು: ನಮ್ಮನ್ನು ಸೇರಿಸಿಕೊಂಡಿರಿ, ಸೇರಿದ ಮೇಲೆ ನಮ್ಮ ಪಾಲು ಎಲ್ಲಿ?

ಈಗ ಸ್ಕಾಟ್ಲೆಂಡಿನ ಕರಾರು ನೋಡೋಣ. 1603ರಲ್ಲಿ ಸ್ಕಾಟ್ಲೆಂಡಿನ ರಾಜನೇ ಇಂಗ್ಲೆಂಡಿಗೂ ರಾಜನಾದ. ಒಬ್ಬನೇ ರಾಜ, ಆದರೆ ಪಾರ್ಲಿಮೆಂಟು ಎರಡು, ಖಜಾನೆ ಎರಡು. ಹೀಗೆ ನೂರು ವರ್ಷ ನಡೆಯಿತು. 1690ರ ದಶಕದಲ್ಲಿ ಸ್ಕಾಟರು ತಮ್ಮದೇ ಒಂದು ವ್ಯಾಪಾರದ ಕಂಪನಿ ಕಟ್ಟಿದರು. ಪನಾಮಾದ ಡೇರಿಯನ್ ಎಂಬಲ್ಲಿ ವಸಾಹತು ಹೂಡಿ ಎರಡು ಸಾಗರಗಳ ವ್ಯಾಪಾರವನ್ನು ಕೈಗೆ ತೆಗೆದುಕೊಳ್ಳಬೇಕೆಂಬುದು ಲೆಕ್ಕಾಚಾರ. ಶೇರು ಕೊಂಡವರಲ್ಲಿ ಜಮೀನುದಾರರೂ ಇದ್ದರು, ಸಣ್ಣ ವ್ಯಾಪಾರಿಗಳೂ ಇದ್ದರು. ದೇಶದಲ್ಲಿ ಓಡಾಡುತ್ತಿದ್ದ ಹಣದ ದೊಡ್ಡ ಪಾಲು ಅದರಲ್ಲಿ ಹೋಯಿತು. 1698ರಲ್ಲಿ ಹಡಗುಗಳು ಹೊರಟವು, 1700ರ ಹೊತ್ತಿಗೆ ಎಲ್ಲ ಮುಗಿದಿತ್ತು. ಜ್ವರ, ಹಸಿವು, ಸ್ಪೇನಿನವರ ಮುತ್ತಿಗೆ. ಸುಮಾರು 2000 ಜನ ಸತ್ತರು. ಇಂಗ್ಲಿಷರ ವಸಾಹತುಗಳು ನೆರವು ಕೊಡಲಿಲ್ಲ, ಕೊಡಕೂಡದೆಂದು ಆಜ್ಞೆ ಇತ್ತು.

ಇದಾಗಿ ಏಳು ವರ್ಷಕ್ಕೆ, 1707ರಲ್ಲಿ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ತನ್ನನ್ನು ತಾನೇ ಮುಚ್ಚಿಕೊಂಡು ಇಂಗ್ಲೆಂಡಿನ ಜೊತೆ ಸೇರಿತು. ಸೇರುವಾಗ ಒಪ್ಪಂದದಲ್ಲಿ 25 ಕಲಮುಗಳು. ಇದರಲ್ಲಿ 15ನೆಯ ಕಲಮನ್ನು ಲೆಕ್ಕ ಬರೆಯುವವರು ಓದಲೇಬೇಕು. ಇಂಗ್ಲೆಂಡಿಗೆ ಆಗ ದೊಡ್ಡ ರಾಷ್ಟ್ರೀಯ ಸಾಲವಿತ್ತು. ಸೇರಿದ ಮೇಲೆ ಸ್ಕಾಟರು ಕಟ್ಟುವ ತೆರಿಗೆಯಿಂದಲೂ ಆ ಸಾಲ ತೀರಬೇಕು. ಹೊಸ ಪಾಲುದಾರ ಹಳೆಯ ಸಾಲ ಹೊರುತ್ತಾನಾದರೆ ಅವನಿಗೆ ಅದಕ್ಕೆ ಬದಲು ಏನಾದರೂ ಕೊಡಬೇಕಲ್ಲ? ಅದಕ್ಕೆ 'ಈಕ್ವಿವಲೆಂಟ್', ಅಂದರೆ ಸಮಮೌಲ್ಯದ ಹಣ ಎಂದು 3,98,085 ಪೌಂಡು 10 ಶಿಲಿಂಗು ನಿಗದಿ ಮಾಡಿದರು. ಆ ಹತ್ತು ಶಿಲಿಂಗನ್ನೂ ಬಿಡಲಿಲ್ಲ ನೋಡಿ! ಡೇರಿಯನ್‌ನಲ್ಲಿ ಹಣ ಕಳೆದುಕೊಂಡವರಿಗೆ ಬಡ್ಡಿ ಸಮೇತ ಪರಿಹಾರ ಬಂದದ್ದು ಇದರಿಂದಲೇ. ಸಮಮೌಲ್ಯದ ಹಣದ ಪತ್ರಗಳನ್ನು ಹಿಡಿದುಕೊಂಡಿದ್ದವರ ಕಂಪನಿಯೇ ಮುಂದೆ 1727ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಆಯಿತು. ದೇಶವನ್ನು ಮಾರಿದರು ಎಂಬ ಬೈಗುಳ ಅಂದಿನಿಂದ ಇಂದಿನವರೆಗೆ ಅಲ್ಲಿ ಕೇಳಿಬರುತ್ತದೆ. ಆ ಬೈಗುಳದಲ್ಲಿ ಸತ್ಯ ಇದೆ. ಆದರೆ ಅದೇ ಕರಾರಿನಲ್ಲಿ ಇನ್ನೊಂದು ಕೆಲಸವೂ ಆಗಿತ್ತು. ಸ್ಕಾಟ್ಲೆಂಡಿನ ಕಾಯಿದೆ ಪದ್ಧತಿ ಮತ್ತು ಅದರ ನ್ಯಾಯಾಲಯಗಳು ಹಾಗೇ ಉಳಿಯತಕ್ಕದ್ದು ಎಂದು ಬರೆಸಿದರು. ಅವರ ಚರ್ಚಿಗೆ ಬೇರೆ ಕಾಯಿದೆಯಿಂದಲೇ ರಕ್ಷಣೆ ಪಡೆದರು. ಶಾಲೆ, ವಿಶ್ವವಿದ್ಯಾಲಯಗಳೂ ತಮ್ಮ ದಾರಿಯಲ್ಲೇ ನಡೆದವು.

ಅಂದರೆ ಪಾರ್ಲಿಮೆಂಟು ಹೋದರೂ ದೇಶದ ಎಲುಬುಗೂಡು ಉಳಿಯಿತು. ಎಡಿನ್‌ಬರೋದ ವಕೀಲ, ಪಾದ್ರಿ, ಮೇಷ್ಟ್ರು, ಈ ಮೂವರೂ ದಿನಾ ತಾವು ಇಂಗ್ಲಿಷರಲ್ಲ ಅನ್ನುವುದನ್ನು ತಮ್ಮ ಕೆಲಸದಲ್ಲೇ ಕಾಣುತ್ತಿದ್ದರು. ಅದಕ್ಕಾಗಿಯೇ ಅಲ್ಲಿ ಭಾಷೆಯ ಅಗತ್ಯ ಅಷ್ಟಾಗಿ ಬೀಳಲಿಲ್ಲ ಎಂದು ನನ್ನ ಅಭಿಪ್ರಾಯ. ಗೇಲಿಕ್ ಎಂಬ ಅವರ ಹಳೆಯ ಭಾಷೆಯನ್ನು 2011ರ ಜನಗಣತಿಯಲ್ಲಿ ಆಡುತ್ತೇವೆ ಅಂದವರು ನೂರಕ್ಕೆ ಒಬ್ಬರ ಲೆಕ್ಕ. ಇಂಗ್ಲಿಷಿಗೆ ಹತ್ತಿರದ ಸ್ಕಾಟ್ಸ್ ಎಂಬ ಇನ್ನೊಂದು ನುಡಿ ಇದೆ. ಹ್ಯೂ ಮ್ಯಾಕ್‌ಡಿಯರ್‌ಮಿಡ್ ಎಂಬ ಕವಿ ಅದರಲ್ಲಿ ಬರೆದ, 1928ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷವೊಂದನ್ನು ಕಟ್ಟಿದವರಲ್ಲಿಯೂ ಒಬ್ಬನಾದ, ಆಮೇಲೆ ಅದೇ ಪಕ್ಷ ಅವನನ್ನು ಹೊರಗೆ ಹಾಕಿತು. (ಕವಿಗಳನ್ನು ಪಕ್ಷದಲ್ಲಿ ಇಟ್ಟುಕೊಳ್ಳುವುದು ಎಲ್ಲ ದೇಶದಲ್ಲೂ ಕಷ್ಟವೇ ಇರಬೇಕು.) ನಮ್ಮ ಏಕೀಕರಣದಲ್ಲಿ ಹೀಗಲ್ಲ. ಅಲ್ಲಿ ಮುಂದೆ ನಿಂತದ್ದೇ ಬರೆಯುವವರು: 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ', 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಹುಯಿಲಗೋಳ ನಾರಾಯಣರಾಯರ ಗೀತೆ. ನಮಗೆ ಉಳಿದಿದ್ದ ಎಲುಬುಗೂಡು ಭಾಷೆಯೊಂದೇ.

1934ರಲ್ಲಿ ಈಗಿನ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಹುಟ್ಟಿತು. ಮೂವತ್ತು ವರ್ಷ ಅದನ್ನು ಕೇಳುವವರಿಲ್ಲ. 1970ರಿಂದೀಚೆಗೆ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು, ಈ ಎಣ್ಣೆ ಸ್ಕಾಟ್ಲೆಂಡಿನದು ಎಂದು ಪಕ್ಷ ಘೋಷಣೆ ಹಾಕಿತು, 1974ರ ಅಕ್ಟೋಬರಿನಲ್ಲಿ 11 ಸ್ಥಾನ ಗೆದ್ದಿತು. 1979ರಲ್ಲಿ ಎಡಿನ್‌ಬರೋದಲ್ಲಿ ಒಂದು ಶಾಸನಸಭೆ ಬೇಕೋ ಬೇಡವೋ ಎಂದು ಜನಮತ ಕೇಳಿದಾಗ ಶೇಕಡಾ 51.6 ಬೇಕು ಅಂದರು. ಆದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇಕಡಾ 40 ಒಪ್ಪಬೇಕೆಂಬ ಷರತ್ತು ಇದ್ದುದರಿಂದ ಗೆದ್ದೂ ಸೋತರು. 1997ರಲ್ಲಿ ಶೇಕಡಾ 74 ಮಂದಿ ಬೇಕು ಅಂದರು, 1999ರಲ್ಲಿ ಪಾರ್ಲಿಮೆಂಟು ಮತ್ತೆ ಕೂಡಿತು. 2014ರ ಸೆಪ್ಟೆಂಬರ್ 18ರಂದು ಸ್ವತಂತ್ರ ದೇಶದ ಪ್ರಶ್ನೆ ಬಂತು. ಬೇಡ 55.3, ಬೇಕು 44.7. ಮತ ಹಾಕಿದವರು ಶೇಕಡಾ 84.6. ಆ ಚುನಾವಣೆಯಲ್ಲಿ ಜನರನ್ನು ಹೆದರಿಸಿದ್ದು ಹೆಚ್ಚಾಗಿ ವಾಣಿಜ್ಯದ ಪ್ರಶ್ನೆಗಳೇ: ಪೌಂಡು ನಮ್ಮ ಕೈಯಲ್ಲಿ ಉಳಿಯುತ್ತದೆಯೋ, ಪಿಂಚಣಿ ಯಾರು ಕೊಡುತ್ತಾರೆ, ರಾಷ್ಟ್ರೀಯ ಸಾಲದಲ್ಲಿ ನಮ್ಮ ಭಾಗ ಎಷ್ಟು. 1707ರ ಅದೇ ಲೆಕ್ಕದ ಪುಸ್ತಕ 307 ವರ್ಷದ ಮೇಲೆ ಮತ್ತೆ ತೆರೆಯಿತು.

ಇನ್ನು ನಮ್ಮ ಊರಿಗೆ ಬರೋಣ. ಹಿಮಾಯತ್‌ನಗರದಲ್ಲಿ ತೆಲುಗು ಅಕಾಡೆಮಿ ಇದೆ. ತೆಲುಗಿನಲ್ಲಿ ಕಾಲೇಜು ಪಠ್ಯಪುಸ್ತಕ ತರಬೇಕೆಂದು 1968ರಲ್ಲಿ ಪಿ.ವಿ. ನರಸಿಂಹರಾಯರ ಮುಂದಾಳುತನದಲ್ಲಿ ಆದ ಸಂಸ್ಥೆ. 2014ರ ಪುನರ್‌ವಿಂಗಡಣೆ ಕಾಯಿದೆಯ ಹತ್ತನೆಯ ಅನುಸೂಚಿಯಲ್ಲಿ ಈ ಅಕಾಡೆಮಿಯ ಹೆಸರೂ ಇದೆ, ಅಂದರೆ ಪಾಲು ಇತ್ಯರ್ಥವಾಗಬೇಕಾದ ಸಂಸ್ಥೆಗಳ ಪಟ್ಟಿಯಲ್ಲಿ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಭಾಷೆ ಒಂದೇ, ವ್ಯಾಕರಣ ಒಂದೇ, ಪುಸ್ತಕವೂ ಒಂದೇ, ಆದರೆ ಆ ಭಾಷೆಯ ಅಕಾಡೆಮಿಯ ಠೇವಣಿಗೆ ವಾರಸುದಾರರು ಇಬ್ಬರು. ಭಾಷಾವಾರು ಪ್ರಾಂತದ ತತ್ವ ಎಲ್ಲಿಯವರೆಗೆ ಎಳೆಯುತ್ತದೆ, ಎಲ್ಲಿ ಹರಿಯುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ತೆಲಂಗಾಣಕ್ಕೂ ಒಂದು ಕರಾರು ಇತ್ತು. ಫಜಲ್ ಅಲಿ ಆಯೋಗ 1955ರ ತನ್ನ ವರದಿಯಲ್ಲಿ ತೆಲಂಗಾಣವನ್ನು ಸದ್ಯಕ್ಕೆ ಬೇರೆಯಾಗಿಯೇ ಇಡಿ, 1961ರ ಸುಮಾರಿನ ಚುನಾವಣೆ ಆದ ಮೇಲೆ ಅಲ್ಲಿಯ ಶಾಸಕರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಆಂಧ್ರಕ್ಕೆ ಸೇರಿಸಿ ಎಂದಿತ್ತು. ಅಷ್ಟು ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. 1956ರ ಫೆಬ್ರವರಿ 20ರಂದು ದೊಡ್ಡವರ ಒಪ್ಪಂದ ಎಂಬುದೊಂದು ಆಯಿತು: ಮುಖ್ಯಮಂತ್ರಿ ಒಂದು ಕಡೆಯವರಾದರೆ ಉಪಮುಖ್ಯಮಂತ್ರಿ ಇನ್ನೊಂದು ಕಡೆಯವರು, ತೆಲಂಗಾಣದ ಉಳಿತಾಯ ತೆಲಂಗಾಣಕ್ಕೇ ಖರ್ಚು, ನೌಕರಿಯಲ್ಲಿ ಅಲ್ಲಿಯ ನಿವಾಸಿಗಳಿಗೆ ರಕ್ಷಣೆ. ಮೊದಲನೆಯ ಮಂತ್ರಿಮಂಡಲದಲ್ಲೇ ಉಪಮುಖ್ಯಮಂತ್ರಿ ಇರಲಿಲ್ಲ. ಆ ಉಳಿತಾಯ ಎಲ್ಲಿಂದ ಬಂತು ಅಂದರೆ, ಆಂಧ್ರದ ಕಡೆ ಪಾನನಿಷೇಧ ಇತ್ತು, ತೆಲಂಗಾಣದಲ್ಲಿ ಇರಲಿಲ್ಲ. ಸೇಂದಿ ಸಾರಾಯಿಯ ಅಬಕಾರಿ ಹಣ ಇಲ್ಲಿಯ ಖಜಾನೆಗೆ ದೊಡ್ಡ ಆಧಾರ. ಅಲ್ಲಿಯೂ ಎಣ್ಣೆ, ಇಲ್ಲಿಯೂ ಎಣ್ಣೆ ಎಂದು ನಮ್ಮ ಕ್ಲಾಸಿನ ಹುಡುಗರು ನಗಾಡುತ್ತಾರೆ. ನಗೆ ಇರಲಿ, ಆದರೆ 1969ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಸರಕಾರ ಮಾಡಿದ ಕೆಲಸಗಳಲ್ಲಿ ಒಂದು, ಆ ಉಳಿತಾಯ ನಿಜಕ್ಕೂ ಎಷ್ಟು ಎಂದು ತೀರ್ಮಾನಿಸಲು ನ್ಯಾಯಮೂರ್ತಿ ಭಾರ್ಗವ ಅವರ ಸಮಿತಿ ನೇಮಿಸಿದ್ದು. ಹದಿಮೂರು ವರ್ಷ ಲೆಕ್ಕ ಒಪ್ಪಿಸದೆ ಇದ್ದು, ಗುಂಡು ಹಾರಿದ ಮೇಲೆ ಲೆಕ್ಕ ತೆಗೆದರು. 1971ರಲ್ಲಿ ತೆಲಂಗಾಣ ಪ್ರಜಾ ಸಮಿತಿ 14ರಲ್ಲಿ 10 ಲೋಕಸಭಾ ಸ್ಥಾನ ಗೆದ್ದಿತು. ಅಲ್ಲಿಂದ 2014ರ ಜೂನ್ 2ಕ್ಕೆ 43 ವರ್ಷ.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಸ್ಕಾಟ್ಲೆಂಡಿನಲ್ಲಿ ಜನರನ್ನೇ ಕೇಳಿದರು, ಜನ ಬೇಡ ಅಂದರು, ಉಳಿದರು. ತೆಲಂಗಾಣದಲ್ಲಿ ಜನಮತ ಯಾರೂ ಕೇಳಲಿಲ್ಲ. ನಮ್ಮ ಸಂವಿಧಾನದ 3ನೆಯ ವಿಧಿಯ ಪ್ರಕಾರ ಪಾರ್ಲಿಮೆಂಟು ಸಾಧಾರಣ ಬಹುಮತದಿಂದ ರಾಜ್ಯ ಕಟ್ಟಬಹುದು, ಒಡೆಯಬಹುದು. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕಾಗಿಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿತು, ಫೆಬ್ರವರಿಯಲ್ಲಿ ಪಾರ್ಲಿಮೆಂಟು ಪಾಸು ಮಾಡಿತು. ಭಾರತದ ಒಕ್ಕೂಟ ರಾಜ್ಯಗಳ ನಡುವಿನ ಒಪ್ಪಂದದಿಂದ ಆದದ್ದಲ್ಲ, ಆದ್ದರಿಂದ ಯಾರಿಗೂ ಬಿಟ್ಟುಹೋಗುವ ಹಕ್ಕಿಲ್ಲ ಎಂದು ಅಂಬೇಡ್ಕರರು 1948ರಲ್ಲೇ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಬಿಟ್ಟು ಹೋಗುವಂತಿಲ್ಲ, ಆದರೆ ಒಳಗಿನ ಗೋಡೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬ್ರಿಟನ್ನಿನಲ್ಲಿ ಬೇರೆ ಥರ. ಅಲ್ಲಿ ಕರಾರು ಇದ್ದೇ ಸೇರಿದವರು, ಆದರೆ ಬಿಡಬೇಕಾದರೆ ಮತ್ತೆ ಲಂಡನ್ನಿನ ಒಪ್ಪಿಗೆ ಬೇಕು: 2012ರಲ್ಲಿ ಲಂಡನ್ ಒಪ್ಪಿದ್ದರಿಂದ 2014ರ ಜನಮತ ನಡೆಯಿತು, ಎರಡನೆಯದನ್ನು ಎಡಿನ್‌ಬರೋ ತಾನಾಗಿಯೇ ನಡೆಸುವಂತಿಲ್ಲ ಎಂದು 2022ರ ನವೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

ಈಗ ನಮ್ಮ ಲೆಕ್ಕ. ನಿಜಾಮರ ರಾಜ್ಯದಲ್ಲಿ 16 ಜಿಲ್ಲೆಗಳಿದ್ದವು: ತೆಲುಗಿನವು 8, ಮರಾಠಿಯವು 5, ಕನ್ನಡದವು 3. ಆ ಮೂರು ಬೀದರ, ಗುಲ್ಬರ್ಗಾ, ರಾಯಚೂರು. ಆಡಳಿತದ ಭಾಷೆ ಉರ್ದು, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದು. 1956ರ ನವೆಂಬರ್ 1ರಂದು ಈ ಮನೆ ಮೂರು ಪಾಲಾಯಿತು. ಮೂವರು ಅಣ್ಣತಮ್ಮಂದಿರು ಒಂದೇ ದಿನ ಒಂದೇ ಬಾಗಿಲಿಂದ ಹೊರಬಿದ್ದರು ಅನ್ನಿ. ಒಬ್ಬ ಆಂಧ್ರದ ಮನೆಗೆ, ಒಬ್ಬ ಮುಂಬಯಿಯ ಮನೆಗೆ, ಒಬ್ಬ ಮೈಸೂರಿನ ಮನೆಗೆ.

ಆ ವರ್ಷವೇ ಸಂವಿಧಾನಕ್ಕೆ ಏಳನೆಯ ತಿದ್ದುಪಡಿ ಆಯಿತು. ಅದರಲ್ಲಿ 371ನೆಯ ವಿಧಿಯನ್ನು ಹೊಸದಾಗಿ ಬರೆದರು. ಆಂಧ್ರ ಪ್ರದೇಶಕ್ಕೆ ಪ್ರಾದೇಶಿಕ ಸಮಿತಿಯ ಏರ್ಪಾಡು ಅದರಲ್ಲಿ ಬಂತು, ತೆಲಂಗಾಣದವರಿಗೆ ಅದೇ ಒಂದು ಕಾಗದ. ಮರಾಠವಾಡಕ್ಕೆ, ವಿದರ್ಭಕ್ಕೆ, ಸೌರಾಷ್ಟ್ರ ಕಚ್ಛಗಳಿಗೆ ಅಭಿವೃದ್ಧಿ ಮಂಡಳಿ ಮತ್ತು ಖರ್ಚಿನಲ್ಲಿ ನ್ಯಾಯವಾದ ಹಂಚಿಕೆ ಎಂದು ಬಂತು. ಕನ್ನಡದ ಮೂರು ಜಿಲ್ಲೆಗಳ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಇಬ್ಬರು ಚೀಟಿ ಬರೆಸಿಕೊಂಡು ಹೋದರು, ಮೂರನೆಯವನು ಬರಿಗೈಯಲ್ಲಿ ಹೋದ.

ಯಾಕೆ ಹೀಗಾಯಿತು? ನಮ್ಮ ಹಿರಿಯರಿಗೆ ತಿಳಿವಳಿಕೆ ಇರಲಿಲ್ಲ ಅನ್ನುವುದು ಸುಲಭ, ನಾನು ಒಪ್ಪುವುದಿಲ್ಲ. ತೆಲಂಗಾಣದವರಿಗೆ ಸೇರುವ ಮನಸ್ಸು ಅರೆಬರೆ ಇತ್ತು, ಆದ್ದರಿಂದ ಷರತ್ತು ಕೇಳಿದರು. ಸ್ಕಾಟರಿಗೂ ಹಾಗೇ. ಕನ್ನಡಿಗರಿಗೆ ಸೇರುವುದೇ ಗುರಿ. ಕಚೇರಿಯಲ್ಲಿ, ಕಾಲೇಜಿನಲ್ಲಿ ತನ್ನ ನುಡಿಗೆ ಜಾಗವಿಲ್ಲದೆ ಬೆಳೆದವನಿಗೆ ಕನ್ನಡದ ಸರಕಾರ ಬರುತ್ತದೆ ಅಂದರೆ ಅವನು ಷರತ್ತು ಹಾಕುತ್ತಾನೆಯೇ? ತವರಿಗೆ ಹೋಗುವವಳು ಕರಾರು ಬರೆಸುತ್ತಾಳೆಯೇ? ಆದರೆ ಆ ತವರಿನಲ್ಲೂ ಎಲ್ಲರೂ ಬಾಗಿಲಲ್ಲಿ ಆರತಿ ಹಿಡಿದು ನಿಂತಿರಲಿಲ್ಲ. ಈ ಹಿಂದುಳಿದ ಜಿಲ್ಲೆಗಳು ಬಂದರೆ ನಮಗೆ ಹೊರೆ ಎಂದು ಹಳೆಯ ಮೈಸೂರಿನಲ್ಲಿ ವಾದಿಸಿದವರು ಇದ್ದರು. ಮೈಸೂರಿನವರಿಗೆ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು, 1916ರಲ್ಲೇ ವಿಶ್ವವಿದ್ಯಾಲಯ. ಗುಲ್ಬರ್ಗಾದಲ್ಲಿ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ. ಇಂಥ ಇಬ್ಬರು ಪಾಲುದಾರರು ಸೇರುವಾಗ ಆಸ್ತಿ-ಹೊಣೆಗಳ ಮರುಮೌಲ್ಯಮಾಪನ ಆಗಬೇಕಿತ್ತು. ಆಗಲಿಲ್ಲ.

ಅದಾದದ್ದು 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಎಂದು ಹೇಳಬಹುದು. 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ ಗುಲ್ಬರ್ಗಾ ವಿಭಾಗದವೇ 21. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ 98ನೆಯ ತಿದ್ದುಪಡಿಯಿಂದ 371(ಜೆ) ಬಂತು. ಪ್ರತ್ಯೇಕ ಮಂಡಳಿ, ಅನುದಾನದಲ್ಲಿ ನ್ಯಾಯವಾದ ಹಂಚಿಕೆ, ಶಿಕ್ಷಣ ಮತ್ತು ನೌಕರಿಯಲ್ಲಿ ಮೀಸಲು. ಮಾತು ಹೆಚ್ಚುಕಡಿಮೆ ಮರಾಠವಾಡಕ್ಕೆ 1956ರಲ್ಲಿ ಬರೆದದ್ದೇ, ಬಂದದ್ದು 56 ವರ್ಷ ತಡವಾಗಿ. ಹಾಗಂತ ಚೀಟಿ ಇದ್ದವರೆಲ್ಲ ಸುಖವಾಗಿದ್ದರು ಅಂತಲ್ಲ. ಮರಾಠವಾಡದ ಮಂಡಳಿ ಆದದ್ದು 1994ರಲ್ಲಿ, ತೆಲಂಗಾಣದ ಕಥೆ ಮೇಲೆ ಹೇಳಿದ್ದೇನೆ. ಆದರೆ ಚೀಟಿ ಇದ್ದರೆ ಜಗಳಕ್ಕೆ ಒಂದು ಕಲಮು ಸಿಗುತ್ತದೆ, ಇಂಥ ತಾರೀಖಿನಂದು ಹೀಗೆ ಒಪ್ಪಿದ್ದಿರಿ ಎಂದು ತೋರಿಸಬಹುದು. ಇಲ್ಲದಿದ್ದರೆ ಕೇಳುವುದು ಮನವಿಯಾಗುತ್ತದೆ. ಹೈದರಾಬಾದ್ ಕರ್ನಾಟಕದಲ್ಲಿ (2019ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ) ಸ್ಕಾಟಿಷ್ ಪಕ್ಷದಂಥ, ತೆಲಂಗಾಣ ಪ್ರಜಾ ಸಮಿತಿಯಂಥ ಬಲವಾದ ಪಕ್ಷ ಯಾಕೆ ಹುಟ್ಟಲಿಲ್ಲ ಎಂಬುದಕ್ಕೂ ಇದೇ ಕಾರಣ ಇರಬೇಕು. ಪ್ರತ್ಯೇಕ ರಾಜ್ಯ ಎಂದು ಆಗಾಗ ಯಾರಾದರೂ ಅಂದರೆ ಸಾಕು, ಏಕೀಕರಣದ ಹಿರಿಯರಿಗೆ ದ್ರೋಹ ಎಂಬ ಮಾತು ಬರುತ್ತದೆ, ಕೂಗಿದವರೇ ಸುಮ್ಮನಾಗುತ್ತಾರೆ. ಸೇರಿದ್ದರ ಮೇಲಿನ ಪ್ರೀತಿಯೇ ಲೆಕ್ಕ ಕೇಳದಂತೆ ಬಾಯಿ ಕಟ್ಟಿದೆ.

ಕೊನೆಯದಾಗಿ ಒಂದು ವಿಷಯ, ಇದು ಹೈದರಾಬಾದಿನ ಕನ್ನಡ ಹುಡುಗರಿಗೆ ನೇರವಾಗಿ ಸಂಬಂಧಪಟ್ಟದ್ದು. ಪಾಲು ಅಂದಮೇಲೆ ಪಾಲುದಾರರು ಯಾರು? 2014ರ ಸ್ಕಾಟ್ಲೆಂಡಿನಲ್ಲಿ ಮತ ಇದ್ದದ್ದು ಅಲ್ಲಿ ವಾಸವಾಗಿದ್ದವರಿಗೆ, ಹದಿನಾರು ವರ್ಷ ತುಂಬಿದವರಿಂದ ಹಿಡಿದು. ಅಲ್ಲಿ ನೆಲೆಸಿದ ಇಂಗ್ಲಿಷರಿಗೂ ಇತ್ತು, ಕಾಮನ್‌ವೆಲ್ತ್ ದೇಶದವರೆಂದು ಗ್ಲಾಸ್ಗೋದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗೂ ಇತ್ತು. ಆದರೆ ಬಹಾಮಾಸಿನಲ್ಲಿ ವಾಸವಾಗಿದ್ದ, ಸ್ವಾತಂತ್ರ್ಯದ ದೊಡ್ಡ ಬೆಂಬಲಿಗ ನಟ ಶಾನ್ ಕಾನರಿಗೆ ಇರಲಿಲ್ಲ. ರಕ್ತ ಕೇಳಲಿಲ್ಲ, ವಿಳಾಸ ಕೇಳಿದರು. ಪಾಕಿಸ್ತಾನ ಮೂಲದ ಕುಟುಂಬದ ಹಮ್ಜಾ ಯೂಸಫ್ 2023ರಲ್ಲಿ ಆ ರಾಷ್ಟ್ರೀಯ ಪಕ್ಷದಿಂದಲೇ ಅಲ್ಲಿಯ ಮುಖ್ಯಮಂತ್ರಿಯಂಥ ಹುದ್ದೆಗೆ ಬಂದರು. ಹೈದರಾಬಾದಿನಲ್ಲಿ ನಿಜಾಮರ 1919ರ ಫರ್ಮಾನಿನ ಕಾಲದಿಂದ ಕೇಳುತ್ತ ಬಂದದ್ದು ಮುಲ್ಕಿಯೋ ಅಲ್ಲವೋ ಎಂದು, ಹದಿನೈದು ವರ್ಷ ಇಲ್ಲಿದ್ದೆಯೋ ಎಂದು. 1952ರ ಮುಲ್ಕಿ ಚಳುವಳಿಯಲ್ಲಿ ಇಡ್ಲಿ ಸಾಂಬಾರಿಗೂ ವಾಪಸು ಹೋಗು ಎಂದು ಕೂಗಿದ್ದರಂತೆ. ಇಡ್ಲಿ ಹೋಗಲಿಲ್ಲ, ಈಗ ಹಿಮಾಯತ್‌ನಗರದಲ್ಲಿ ಅದಿಲ್ಲದೆ ಬೆಳಗೇ ಆಗುವುದಿಲ್ಲ.

ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳು, ರಾಯಚೂರಿನ ಗದ್ವಾಲ, ಆಲಂಪುರ ತಾಲೂಕುಗಳು 1956ರಲ್ಲಿ ತೆಲಂಗಾಣದ ಕಡೆಗೆ ಬಂದವು. 2023ರ ಡಿಸೆಂಬರಿನಲ್ಲಿ ತೆಲಂಗಾಣದ ಮುಖ್ಯಮಂತ್ರಿಯಾದ ರೇವಂತ್ ರೆಡ್ಡಿಯವರು ಗೆದ್ದದ್ದು ಆ ಕೊಡಂಗಲ್ಲಿನಿಂದಲೇ. 1956ರ ಅಕ್ಟೋಬರ್ 31ರಂದು ಗುಲ್ಬರ್ಗಾದಿಂದ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿದವನು ತನ್ನದೇ ರಾಜಧಾನಿಗೆ ಬಂದವನು. ಮರುದಿನ ಇಳಿದವನು ಹೊರ ರಾಜ್ಯದವನು. 371(ಜೆ) ಮಾತು 'ಹುಟ್ಟಿನಿಂದ ಅಥವಾ ವಾಸದಿಂದ ಆ ಪ್ರದೇಶಕ್ಕೆ ಸೇರಿದವರು' ಎಂಬ ಅರ್ಥದ್ದು. ಆ ರೈಲಿನಲ್ಲಿ ಬಂದವನ ಮೊಮ್ಮಗ ಹುಟ್ಟಿದ್ದು ಇಲ್ಲಿ, ವಾಸ ಇಲ್ಲಿ. ಮನೆಯಲ್ಲಿ ಆಡುವುದು ಬೀದರ-ಗುಲ್ಬರ್ಗಾದ ಕನ್ನಡ, ಹೊರಗೆ ತೆಲುಗು ಮತ್ತು ದಖ್ಖನಿ. ಕಲ್ಯಾಣ ಕರ್ನಾಟಕದ ಪಟ್ಟಿಯಲ್ಲಿ ಅವನಿಲ್ಲ. ತೆಲಂಗಾಣದ ಸ್ಥಳೀಯ ಅಭ್ಯರ್ಥಿಯ ಪಟ್ಟಿಯಲ್ಲಿ ಅವನು ಇದ್ದಾನೆ, ಇಷ್ಟು ವರ್ಷ ಇಲ್ಲಿಯ ಶಾಲೆಯಲ್ಲಿ ಓದಿದ್ದಾನೆಂಬ ಸರ್ಟಿಫಿಕೇಟಿನ ಬಲದಿಂದ. ಅವನ ಅಜ್ಜನ ರಾಜ್ಯ ಒಡೆದವರು ಭಾಷೆಯನ್ನು ಕೇಳಿದರು, ಅವನಿಗೆ ಸೀಟು ಕೊಡುವವರು ಭಾಷೆಯನ್ನು ಕೇಳುವುದಿಲ್ಲ.